ಕಡತ ಯಾರ ಮೇಜಿಗೆ ಹೋಗಬೇಕು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಈಚೆಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಬರೆಯುವವರಲ್ಲಿ ಹೆಚ್ಚಿನವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗಿಬರುವ ಹುಡುಗ ಹುಡುಗಿಯರು. ಕ್ಲೌಡ್ ಕಂಪ್ಯೂಟಿಂಗ್ ಪಾಠದಲ್ಲಿ ಹೈಪರ್‌ಕಾಲ್ ಎಂಬ ಹೆಸರು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ; ಸಂದರ್ಶನಕ್ಕೆ ಕೂತಾಗ ಎದುರಿನವರು ಅದನ್ನೇ ಹಿಡಿದು ಜಗ್ಗುತ್ತಾರೆ. ಗೆಸ್ಟ್ ಮಾಡಿದ ಹೈಪರ್‌ಕಾಲನ್ನು ಹೈಪರ್‌ವೈಸರ್ ತಾನೇ ತೀರಿಸದೆ ಯೂಸರ್‌ಸ್ಪೇಸ್‌ಗೆ ದಾಟಿಸುವುದೇಕೆ ಎಂಬುದು ಪ್ರಶ್ನೆ. ಜಗಳೂರಿನ ಒಬ್ಬ ವಿದ್ಯಾರ್ಥಿನಿ ಇದನ್ನೇ ಇನ್ನೂ ಚೂಪಾಗಿ ಕೇಳಿದ್ದಾಳೆ: ಎಲ್ಲ ಅಧಿಕಾರ ಕೈಯಲ್ಲಿರುವ ಕರ್ನೆಲ್, ಯಾವ ಅಧಿಕಾರವೂ ಇಲ್ಲದ ಒಂದು ಸಾಮಾನ್ಯ ಪ್ರೋಗ್ರಾಮನ್ನು ‘ಏನು ಮಾಡಲಿ?’ ಎಂದು ಕೇಳುವುದು ತಲೆಕೆಳಗಾದ ವ್ಯವಹಾರ ಅಲ್ಲವೇ?

ತಾಲ್ಲೂಕು ಕಚೇರಿಗೆ ಓಡಾಡಿದ ಮನೆಗಳಿಗೆ ಈ ವ್ಯವಹಾರ ಹೊಸದೇನಲ್ಲ. ಹೊನ್ನಾಳಿಯಲ್ಲಿ ಪಹಣಿ ಬೇಕೆಂದರೆ ಕೌಂಟರಿನಲ್ಲಿ ದುಡ್ಡು ಕಟ್ಟಿ ಅಲ್ಲೇ ಪಡೆದು ಬರಬಹುದು. ಅದೇ ಜಗಳೂರಿನಲ್ಲಿ ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿ, ಬೆಳೆ ನಷ್ಟಕ್ಕೆ ಪರಿಹಾರ ಕೇಳಿದರೆ ಕೌಂಟರಿನಲ್ಲಿ ಕೆಲಸ ಮುಗಿಯುವುದಿಲ್ಲ. ಮಂಜೂರು ಮಾಡುವ ಅಧಿಕಾರ ಮೇಲಿನ ಕಚೇರಿಯದೇ. ಆದರೆ ಯಾವ ಸರ್ವೆ ನಂಬರಿನಲ್ಲಿ ಯಾರು ಏನು ಬಿತ್ತಿದ್ದರು, ಎಷ್ಟು ಒಣಗಿದೆ ಎಂಬುದು ಗೊತ್ತಿರುವುದು ಗ್ರಾಮ ಆಡಳಿತ ಅಧಿಕಾರಿಗಳಿಗೆ. ಹಾಗಾಗಿ ಕಡತ ಅವರ ಬಳಿ ಹೋಗಿ, ವರದಿ ಹೊತ್ತು ಹಿಂದಿರುಗಿ, ಆಮೇಲೆ ಆದೇಶವಾಗುತ್ತದೆ. ಅಧಿಕಾರ ಒಂದು ಕಡೆ, ತಿಳಿವಳಿಕೆ ಇನ್ನೊಂದು ಕಡೆ. ಹೈಪರ್‌ಕಾಲನ್ನು ಯೂಸರ್‌ಸ್ಪೇಸ್‌ಗೆ ಕಳಿಸುವುದರ ಹಿಂದಿರುವ ತರ್ಕವೂ ಇಷ್ಟೇ. ಉಳಿದದ್ದು ವಿವರ; ಆದರೆ ವಿವರದಲ್ಲೇ ಸ್ವಾರಸ್ಯವಿದೆ.

ಮೊದಲು ಪಾತ್ರಧಾರಿಗಳನ್ನು ಗುರುತಿಸಿಕೊಳ್ಳೋಣ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಾಗ ತಾಲ್ಲೂಕು ಕಚೇರಿಗಳಲ್ಲೇ ಸರ್ವರ್ ಇಟ್ಟು ಪಹಣಿಗಳನ್ನು ಅದರಲ್ಲಿ ತುಂಬಿದರು. ಒಂದು ಕೆಲಸಕ್ಕೆ ಒಂದು ಯಂತ್ರ ಎಂಬುದು ಆಗಿನ ಲೆಕ್ಕ. ಈಗ ದತ್ತಾಂಶ ಕೇಂದ್ರಗಳಲ್ಲಿ ಲೆಕ್ಕ ಬದಲಾಗಿದೆ. ಒಂದೇ ದೊಡ್ಡ ಸರ್ವರ್‌ನ ಒಳಗೆ ಹತ್ತಾರು ಕಂಪ್ಯೂಟರ್‌ಗಳು ತಾವು ಬೇರೆ ಬೇರೆ ಎಂಬಂತೆ ಓಡುತ್ತವೆ. ಒಳಗೆ ಓಡುವ ಒಂದೊಂದಕ್ಕೂ ಗೆಸ್ಟ್ ಎನ್ನುತ್ತಾರೆ. ಹೊರಗಿನ ನಿಜವಾದ ಯಂತ್ರ ಹೋಸ್ಟ್. ಒಬ್ಬರ ಮೆಮೊರಿಯನ್ನು ಇನ್ನೊಬ್ಬರು ಮುಟ್ಟದಂತೆ, ಒಬ್ಬರ ಸರದಿಯನ್ನು ಇನ್ನೊಬ್ಬರು ಕಸಿಯದಂತೆ ಕಾಯುವ ತಂತ್ರಾಂಶ ಹೈಪರ್‌ವೈಸರ್.

ಲಿನಕ್ಸ್ ಲೋಕದ ಹೈಪರ್‌ವೈಸರ್ ಕೆವಿಎಂ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರ್‌ನೊಳಗೇ ವರ್ಚುವಲೈಸೇಶನ್ನಿಗೆ ಸವಲತ್ತು ಕೊಟ್ಟ ಮೇಲೆ, ಕ್ಯುಮ್ರಾನೆಟ್ ಎಂಬ ಕಂಪನಿಯಲ್ಲಿದ್ದ ಅವಿ ಕಿವಿಟಿ ಇದನ್ನು ಬರೆದರು. 2007ರ ಫೆಬ್ರುವರಿಯಲ್ಲಿ ಬಂದ ಲಿನಕ್ಸ್ 2.6.20ರಲ್ಲಿ ಅದು ಕರ್ನೆಲ್‌ನ ಭಾಗವಾಯಿತು. ಮರುವರ್ಷ ರೆಡ್ ಹ್ಯಾಟ್ ಆ ಕಂಪನಿಯನ್ನು ಕೊಂಡುಕೊಂಡಿತು. ಕೆವಿಎಂನ ಜಾಣತನ ಇರುವುದು ಅದು ಮಾಡುವ ಕೆಲಸಕ್ಕಿಂತ ಮಾಡದೆ ಬಿಡುವ ಕೆಲಸದಲ್ಲಿ. ಗೆಸ್ಟ್‌ಗೆ ಡಿಸ್ಕ್ ಎಷ್ಟು, ನೆಟ್‌ವರ್ಕ್ ಕಾರ್ಡ್ ಯಾವುದು, ಎಷ್ಟು ಮೆಮೊರಿ, ಯಾವಾಗ ಆರಂಭ, ಯಾವಾಗ ಮುಕ್ತಾಯ ಎಂಬುದರ ಗೊಡವೆ ಅದಕ್ಕಿಲ್ಲ. ಅದನ್ನೆಲ್ಲ ನೋಡಿಕೊಳ್ಳುವುದು ಯೂಸರ್‌ಸ್ಪೇಸ್‌ನಲ್ಲಿ, ಅಂದರೆ ಬ್ರೌಸರ್, ಸಂಗೀತದ ಪ್ಲೇಯರ್‌ಗಳು ಓಡುವ ಅದೇ ಸಾಮಾನ್ಯ ವಲಯದಲ್ಲಿ ಓಡುವ ಒಂದು ಪ್ರೋಗ್ರಾಮ್. ಫಾಬ್ರಿಸ್ ಬೆಲ್ಲಾರ್ ಆರಂಭಿಸಿದ ಕ್ಯೂಎಮು ಇವುಗಳಲ್ಲಿ ಹಳೆಯದು. ಅಮೆಜಾನ್ 2018ರಲ್ಲಿ ಹೊರತಂದ ಫೈರ್‌ಕ್ರ್ಯಾಕರ್ ಹೊಸ ತಲೆಮಾರಿನದು. ಒಂದು ಗೆಸ್ಟ್ ಎಂದರೆ ಹೋಸ್ಟ್‌ನ ಕಣ್ಣಿಗೆ ಇಂಥ ಒಂದು ಪ್ರೋಗ್ರಾಮ್. ಗೆಸ್ಟ್‌ನ ಒಂದೊಂದು ಸಿಪಿಯು ಆ ಪ್ರೋಗ್ರಾಮಿನ ಒಂದೊಂದು ಥ್ರೆಡ್.

ಆ ಥ್ರೆಡ್ ಮಾಡುವುದು ಒಂದೇ ಕೆಲಸ. ‘ಗೆಸ್ಟನ್ನು ಓಡಿಸು’ ಎಂದು ಕರ್ನೆಲ್‌ಗೆ ಹೇಳಿ ಕಾಯುತ್ತದೆ. ಗೆಸ್ಟ್ ನೇರವಾಗಿ ಪ್ರೊಸೆಸರ್ ಮೇಲೆಯೇ, ಹೆಚ್ಚುಕಡಿಮೆ ಪೂರ್ತಿ ವೇಗದಲ್ಲಿ ಓಡುತ್ತದೆ. ತನ್ನ ಕೈಮೀರಿದ ಕೆಲಸ ಎದುರಾದಾಗ ಪ್ರೊಸೆಸರ್ ಅದನ್ನು ನಿಲ್ಲಿಸಿ ಹಿಡಿತವನ್ನು ಕರ್ನೆಲ್‌ಗೆ ಒಪ್ಪಿಸುತ್ತದೆ. ಹೆಚ್ಚಿನ ಸಲ ಗೆಸ್ಟ್‌ಗೆ ತಾನು ನಿಂತದ್ದೇ ತಿಳಿಯುವುದಿಲ್ಲ. ಹೈಪರ್‌ಕಾಲ್ ಮಾತ್ರ ಹಾಗಲ್ಲ. ಗೆಸ್ಟ್ ತಾನು ಗೆಸ್ಟ್ ಎಂದು ತಿಳಿದೇ, ಬೇಕೆಂದೇ ಬಾಗಿಲು ತಟ್ಟಿ ಕೇಳುವ ಅರ್ಜಿ ಅದು. ಇಂಟೆಲ್‌ನಲ್ಲಿ ಅದಕ್ಕಿರುವ ಸೂಚನೆ ವಿಎಂಕಾಲ್, ಎಎಂಡಿಯಲ್ಲಿ ವಿಎಂಎಂಕಾಲ್, ಆರ್ಮ್‌ನಲ್ಲಿ ಎಚ್‌ವಿಸಿ. ಕೆವಿಎಂನಲ್ಲಿ ಅರ್ಜಿಯ ನಮೂನೆಯೂ ನಿಗದಿಯಾಗಿದೆ. ಎಕ್ಸ್86 ಯಂತ್ರವಾದರೆ ಆರ್‌ಎಎಕ್ಸ್ ರಿಜಿಸ್ಟರ್‌ನಲ್ಲಿ ಅರ್ಜಿಯ ಸಂಖ್ಯೆ, ಆರ್‌ಬಿಎಕ್ಸ್, ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್‌ಎಸ್‌ಐಗಳಲ್ಲಿ ವಿವರ. ಉತ್ತರ ಮತ್ತೆ ಆರ್‌ಎಎಕ್ಸ್‌ನಲ್ಲೇ ಬರುತ್ತದೆ. ಗೊತ್ತಿಲ್ಲದ ಸಂಖ್ಯೆ ಬಂದರೆ ಮೈನಸ್ 1000, ಅಂದರೆ ಇಂಥ ಸೇವೆ ಇಲ್ಲಿಲ್ಲ. ಗೆಸ್ಟ್‌ನ ಕರ್ನೆಲ್ ಬಿಟ್ಟು ಅದರೊಳಗಿನ ಸಾಮಾನ್ಯ ಪ್ರೋಗ್ರಾಮ್ ಕೇಳಿದರೆ ಅನುಮತಿ ಇಲ್ಲವೆಂಬ ಉತ್ತರ.

ಅರ್ಜಿ ಕರ್ನೆಲ್‌ನ ಕೈಸೇರಿದ ಕೂಡಲೇ ಒಂದು ನಿರ್ಧಾರವಾಗಬೇಕು: ಇಲ್ಲೇ ತೀರಿಸುವುದೋ, ಯೂಸರ್‌ಸ್ಪೇಸ್‌ಗೆ ದಾಟಿಸುವುದೋ? ಎರಡಕ್ಕೂ ಒಂದೊಂದು ಉದಾಹರಣೆ ಇಟ್ಟುಕೊಂಡರೆ ಮಾತು ಸುಲಭವಾಗುತ್ತದೆ. ಮೊದಲನೆಯದು ನಮ್ಮ ರಾಜ್ಯದಲ್ಲೇ ಹುಟ್ಟಿದ್ದು.

ಕೆವಿಎಂನ ಹೈಪರ್‌ಕಾಲ್ ಪಟ್ಟಿಯಲ್ಲಿ 5ನೆಯದರ ಹೆಸರು ಕಿಕ್ ಸಿಪಿಯು. ಅದನ್ನು ರೂಪಿಸಿದ್ದು ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ಬೆಂಗಳೂರು ತಂಡ; ಶ್ರೀವತ್ಸ ವಡ್ಡಗಿರಿ, ರಾಘವೇಂದ್ರ ಕೆ.ಟಿ. ಅವರ ಹೆಸರುಗಳು ಕರ್ನೆಲ್‌ನ ದಾಖಲೆಯಲ್ಲೇ ಇವೆ. ಅವರು ಬಿಡಿಸಹೊರಟ ಗಂಟು ಹೀಗಿತ್ತು. ಕರ್ನೆಲ್‌ನೊಳಗೆ ಹಲವು ಸಿಪಿಯುಗಳು ಒಂದೇ ಬೀಗಕ್ಕೆ ಕಾಯುವಾಗ ಬಂದ ಕ್ರಮದಲ್ಲೇ ಸರದಿ ಸಿಗಲೆಂದು 2008ರಲ್ಲಿ ಲಿನಕ್ಸ್ ಟಿಕೆಟ್ ಪದ್ಧತಿ ತಂದಿತ್ತು. ನಿಜವಾದ ಯಂತ್ರದಲ್ಲಿ ಇದು ನ್ಯಾಯವಾಗಿ ನಡೆಯುತ್ತದೆ. ಗೆಸ್ಟ್‌ನಲ್ಲಿ ಎಡವಟ್ಟಾಗುತ್ತದೆ, ಏಕೆಂದರೆ ಗೆಸ್ಟ್‌ನ ಸಿಪಿಯು ನಿಜವಾದ ಸಿಪಿಯು ಅಲ್ಲ. ಹೋಸ್ಟ್ ಅದನ್ನು ಯಾವ ಕ್ಷಣದಲ್ಲಾದರೂ ಬದಿಗೆ ಸರಿಸಿ ಬೇರೆ ಗೆಸ್ಟ್‌ಗೆ ಜಾಗ ಕೊಟ್ಟೀತು. ಮುಂದಿನ ಟಿಕೆಟ್ ಹಿಡಿದವನನ್ನೇ ಹೋಸ್ಟ್ ಬದಿಗೆ ಸರಿಸಿದ್ದರೆ, ಅವನ ಹಿಂದಿರುವವರೆಲ್ಲ ಸುಮ್ಮನೆ ಸುತ್ತುತ್ತಾ ಪ್ರೊಸೆಸರ್‌ನ ಶಕ್ತಿ ಪೋಲು ಮಾಡಬೇಕು.

ಬೆಂಗಳೂರು ತಂಡ ಕೆವಿಎಂಗೆ ತಂದ ಉಪಾಯ ಸರಳ. ಸ್ವಲ್ಪ ಹೊತ್ತು ಸುತ್ತಿಯೂ ಬೀಗ ಸಿಗದವನು ಮಲಗಿಬಿಡುತ್ತಾನೆ. ಬೀಗ ಬಿಡುವವನು ಹೋಗುವಾಗ ಒಂದು ಹೈಪರ್‌ಕಾಲ್ ಮಾಡಿ, ಮುಂದಿನ ಸರದಿಯವನನ್ನು ಎಬ್ಬಿಸು ಎಂದು ಕೇಳಿಕೊಳ್ಳುತ್ತಾನೆ. ಇದು 2013ರಲ್ಲಿ ಮುಖ್ಯ ಕರ್ನೆಲ್ ಸೇರಿತು. ಕೆವಿಎಂ ಹೈಪರ್‌ಕಾಲ್‌ಗಳನ್ನು ವಿವರಿಸುವ ದಾಖಲೆಯನ್ನು ಕರ್ನೆಲ್‌ಗೆ ಬರೆದುಕೊಟ್ಟವರೂ ರಾಘವೇಂದ್ರ ಅವರೇ. ಮುಂದೆ ಟಿಕೆಟ್ ಬೀಗದ ಜಾಗಕ್ಕೆ ಬೇರೆ ಬಗೆಯ ಬೀಗ ಬಂತು. ಎಬ್ಬಿಸುವ ಹೈಪರ್‌ಕಾಲ್ ಮಾತ್ರ ಅದೇ ಉಳಿದಿದೆ.

ಈ ಅರ್ಜಿಯನ್ನು ಕರ್ನೆಲ್ ಯಾರನ್ನೂ ಕೇಳದೆ ತೀರಿಸುತ್ತದೆ, ಹಾಗೆಯೇ ಆಗಬೇಕು. ಎಬ್ಬಿಸಬೇಕಾದ ಥ್ರೆಡ್ಡಿನ ಪಟ್ಟಿ ಕರ್ನೆಲ್‌ನ ಬಳಿಯೇ ಇದೆ. ಎಬ್ಬಿಸಬೇಕೇ ಬೇಡವೇ ಎಂದು ಯೋಚಿಸುವ ಪ್ರಶ್ನೆಯಿಲ್ಲ. ಸೆಕೆಂಡಿಗೆ ಸಾವಿರಾರು ಸಲ ಬರಬಹುದಾದ ಕೆಲಸವಾದ್ದರಿಂದ ತಡವಾದರೆ ಉಪಾಯದ ಲಾಭವೇ ಮಾಯ. ಪಹಣಿ ಕೊಟ್ಟಂತೆ ಕೌಂಟರಿನಲ್ಲೇ ಮುಗಿಯಬೇಕಾದ ಕೆಲಸ.

ಎರಡನೆಯ ಉದಾಹರಣೆ ಪಟ್ಟಿಯ 12ನೆಯದು, ಮ್ಯಾಪ್ ಜಿಪಿಎ ರೇಂಜ್. 2017ರಲ್ಲಿ ಎಎಂಡಿ ತನ್ನ ಎಪಿಕ್ ಪ್ರೊಸೆಸರ್‌ಗಳ ಜೊತೆಗೆ ಎಸ್‌ಇವಿ ಎಂಬ ಸೌಲಭ್ಯ ತಂದಿತು. ಗೆಸ್ಟ್‌ನ ಮೆಮೊರಿಯನ್ನು ಪ್ರೊಸೆಸರೇ ಗೂಢಲಿಪಿಗೆ ತಿರುಗಿಸಿ ಇಡುತ್ತದೆ. ಹೋಸ್ಟ್‌ನ ಕರ್ನೆಲ್‌ಗೂ ಓದಲು ಬರುವುದಿಲ್ಲ. ಬ್ಯಾಂಕು, ಆಸ್ಪತ್ರೆಗಳಂಥವರು ಬೇರೆಯವರ ಸರ್ವರ್‌ನಲ್ಲಿ ತಮ್ಮ ಲೆಕ್ಕ ಇಡುವಾಗ ಇಂಥ ಭರವಸೆ ಬೇಕಾಗುತ್ತದೆ. ಆದರೆ ಎಲ್ಲ ಪುಟಗಳೂ ಗುಟ್ಟಾಗಿದ್ದರೆ ಹೊರಜಗತ್ತಿನೊಡನೆ ವ್ಯವಹಾರ ನಡೆಯದು. ನೆಟ್‌ವರ್ಕಿಗೆ ಕಳಿಸುವ ದತ್ತಾಂಶವನ್ನು ಹೋಸ್ಟ್ ನೋಡಲೇಬೇಕು. ಅದಕ್ಕೆ ಗೆಸ್ಟ್ ಕೆಲವು ಪುಟಗಳನ್ನು ಹಂಚಿಕೆಯ ಪುಟಗಳೆಂದು ಬೇರ್ಪಡಿಸುತ್ತದೆ. ಇಂಥ ವಿಳಾಸದಿಂದ ಇಷ್ಟು ಪುಟಗಳು ಇನ್ನು ಮೇಲೆ ಹಂಚಿಕೆಯವು, ಇಷ್ಟು ಪುಟಗಳು ಗುಟ್ಟಿನವು ಎಂದು ತಿಳಿಸುವ ಅರ್ಜಿಯೇ ಈ 12ನೆಯದು.

ಇದನ್ನು ಕರ್ನೆಲ್ ತಾನೇ ತೀರಿಸಬಾರದೇ? ಆರಂಭದಲ್ಲಿ ಕೆಲವರು ಹಾಗೆಯೇ ಯೋಚಿಸಿ, ಯಾವ ಪುಟ ಯಾವ ಬಗೆಯದೆಂಬ ಪಟ್ಟಿಯನ್ನು ಕರ್ನೆಲ್‌ನೊಳಗೇ ಇಡುವ ಪ್ರಸ್ತಾಪ ಮುಂದಿಟ್ಟಿದ್ದರು. ಆದರೆ ಆ ಪಟ್ಟಿ ಬೇಕಾದದ್ದು ಯಾರಿಗೆ? ಗೆಸ್ಟನ್ನು ಓಡುತ್ತಿರುವಾಗಲೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸ್ಥಳಾಂತರಿಸುವಾಗ ಬೇಕು. ಸ್ಥಳಾಂತರ ಮಾಡುವುದು ಕ್ಯೂಎಮುವಿನಂಥ ಪ್ರೋಗ್ರಾಮ್. ಗೆಸ್ಟ್‌ಗೆ ಎಷ್ಟು ಮೆಮೊರಿ ಕೊಟ್ಟಿದ್ದೇವೆ, ಎಲ್ಲಿಂದ ತಂದಿದ್ದೇವೆ ಎಂಬ ಲೆಕ್ಕವೂ ಅದರದೇ. ತನಗೆ ಉಪಯೋಗವಿಲ್ಲದ ಪಟ್ಟಿಯನ್ನು ಕರ್ನೆಲ್ ಇಟ್ಟುಕೊಂಡರೆ ಹೊಣೆ ಬೆಳೆಯುತ್ತದೆಯೇ ಹೊರತು ಕೆಲಸ ಹಗುರಾಗುವುದಿಲ್ಲ. ಕೊನೆಗೆ 2021ರಲ್ಲಿ ಒಪ್ಪಿತವಾದ ರೂಪದಲ್ಲಿ ಕರ್ನೆಲ್ ಅರ್ಜಿಯ ನಮೂನೆಯನ್ನಷ್ಟೇ ಪರೀಕ್ಷಿಸುತ್ತದೆ. ವಿಳಾಸ ಪುಟದ ಗಡಿಗೆ ಸರಿಯಾಗಿದೆಯೇ, ಪುಟಗಳ ಸಂಖ್ಯೆ ಸೊನ್ನೆಯಲ್ಲ ತಾನೇ ಎಂದು ನೋಡಿ, ಸರಿಯಿದ್ದರೆ ಮುಂದಕ್ಕೆ ದಾಟಿಸುತ್ತದೆ. ಅದೂ ಆ ಪ್ರೋಗ್ರಾಮ್ ‘ಇಂಥ ಅರ್ಜಿಗಳನ್ನು ನನಗೆ ಕಳಿಸು’ ಎಂದು ಮೊದಲೇ ಕೇಳಿಕೊಂಡಿದ್ದರೆ ಮಾತ್ರ.

ಈ ದಾಟಿಸುವ ಮಾರ್ಗದ ಚರಿತ್ರೆಯೇ ಒಂದು ಪಾಠ. ಹೈಪರ್‌ಕಾಲಿಗಾಗಿ ಗೆಸ್ಟ್ ನಿಂತಿದೆ ಎಂದು ಯೂಸರ್‌ಸ್ಪೇಸ್‌ಗೆ ತಿಳಿಸುವ ಸಂಕೇತ ಕೆವಿಎಂನ ಮೊದಲ ದಿನಗಳಲ್ಲೇ ಇತ್ತು. ಸ್ವಲ್ಪದರಲ್ಲೇ ಅದನ್ನು ಕೈಬಿಟ್ಟರು. ಬಹಳ ವರ್ಷ ಕರ್ನೆಲ್‌ನ ಕೈಪಿಡಿಯಲ್ಲಿ ಅದರ ಮುಂದೆ ‘ಬಳಕೆಯಲ್ಲಿಲ್ಲ’ ಎಂಬ ಷರಾ ಇತ್ತು. ಯೂಸರ್‌ಸ್ಪೇಸ್ ಜೊತೆ ಮಾತಾಡಬೇಕಾದ ಗೆಸ್ಟ್ ಒಂದು ಪೋರ್ಟಿಗೋ ಮೆಮೊರಿ ವಿಳಾಸಕ್ಕೋ ಬರೆಯಲಿ, ಡಿವೈಸ್‌ಗಳಿಗೆಂದು ಇರುವ ದಾರಿಯಲ್ಲೇ ಅದು ತಲುಪುತ್ತದೆ ಎಂಬುದು ಆಗಿನ ಸಲಹೆ. ಗುಟ್ಟಿನ ಗೆಸ್ಟ್‌ಗಳು ಬಂದ ಮೇಲೆ ಅದೇ ಹಳೆಯ ಸಂಕೇತಕ್ಕೆ ಮತ್ತೆ ಜೀವ ಬಂತು. ಆಮೇಲೆ ಎಎಂಡಿಯ ಎಸ್‌ಎನ್‌ಪಿ, ಇಂಟೆಲ್‌ನ ಟಿಡಿಎಕ್ಸ್ ಗೆಸ್ಟ್‌ಗಳ ಇಂಥದೇ ಅರ್ಜಿಗಳೂ ಈ ದಾರಿಯಲ್ಲೇ ಸಾಗತೊಡಗಿದವು.

ಇನ್ನು ಕಡತ ಹೋಗಿಬರುವ ಬಗೆ. ಒಂದೊಂದು ಸಿಪಿಯುಗೂ ಕರ್ನೆಲ್ ಮತ್ತು ಯೂಸರ್‌ಸ್ಪೇಸ್ ಇಬ್ಬರೂ ನೋಡಬಲ್ಲ ಒಂದು ಹಂಚಿಕೆಯ ಜಾಗ ಇರುತ್ತದೆ. ಕರ್ನೆಲ್ ಅದರಲ್ಲಿ ನಿಂತ ಕಾರಣ, ಅರ್ಜಿಯ ಸಂಖ್ಯೆ, ವಿವರಗಳನ್ನು ಬರೆದಿಟ್ಟು, ‘ಓಡಿಸು’ ಎಂದು ಕೇಳಿ ಕಾದಿದ್ದ ಥ್ರೆಡ್ಡಿಗೆ ಮರಳುತ್ತದೆ. ಆ ಪ್ರೋಗ್ರಾಮ್ ಕಾರಣ ಓದಿ ತನ್ನ ನಿಯಮದಂತೆ ತೀರ್ಮಾನಿಸುತ್ತದೆ. ಪುಟಗಳನ್ನು ನಿಜವಾಗಿ ಹಂಚಿಕೆಗೆ ತಿರುಗಿಸಬೇಕಾದರೆ ಅದನ್ನು ಮಾಡುವ ಬಲ ಅದಕ್ಕಿಲ್ಲ. ಮತ್ತೆ ಕರ್ನೆಲ್ಲನ್ನೇ ಕೇಳಬೇಕು. ಗ್ರಾಮ ಆಡಳಿತ ಅಧಿಕಾರಿಗಳು ವರದಿ ಕೊಡುತ್ತಾರೆ, ಆದೇಶ ಹೊರಡುವುದು ಕಚೇರಿಯಿಂದಲೇ ಎಂಬಂತೆ. ಕೆಲಸ ಆದ ಮೇಲೆ ಉತ್ತರವನ್ನು ಅದೇ ಹಂಚಿಕೆಯ ಜಾಗದಲ್ಲಿ ಬರೆದು ಮತ್ತೆ ‘ಓಡಿಸು’ ಎನ್ನುತ್ತದೆ. ಆಗ ಕರ್ನೆಲ್ ಆ ಉತ್ತರವನ್ನು ಗೆಸ್ಟ್‌ನ ಆರ್‌ಎಎಕ್ಸ್‌ಗೆ ಹಾಕಿ, ಹೈಪರ್‌ಕಾಲ್ ಸೂಚನೆಯನ್ನು ದಾಟಿಸಿ ಗೆಸ್ಟನ್ನು ಮುಂದಕ್ಕೆ ಬಿಡುತ್ತದೆ.

ಕೊನೆಯ ಹೆಜ್ಜೆಯಲ್ಲಿ ಹಲವರು ಮುಗ್ಗರಿಸುತ್ತಾರೆ. ಯೂಸರ್‌ಸ್ಪೇಸ್ ಉತ್ತರ ಬರೆದ ಕ್ಷಣಕ್ಕೆ ಹೈಪರ್‌ಕಾಲ್ ಮುಗಿದಂತಲ್ಲ. ಮತ್ತೊಮ್ಮೆ ಕರ್ನೆಲ್‌ನೊಳಗೆ ಹೊಕ್ಕ ಮೇಲಷ್ಟೇ ಗೆಸ್ಟ್‌ನ ರಿಜಿಸ್ಟರ್‌ಗಳು ಸರಿಯಾದ ಸ್ಥಿತಿಗೆ ಬರುತ್ತವೆ. ನಡುವಿನ ಈ ಕ್ಷಣದಲ್ಲೇ ಗೆಸ್ಟ್‌ನ ಚಿತ್ರ ತೆಗೆದು ಬೇರೆ ಸರ್ವರ್‌ಗೆ ಕಳಿಸಿದರೆ, ಅಲ್ಲಿ ಎದ್ದ ಗೆಸ್ಟ್ ಅದೇ ಅರ್ಜಿಯನ್ನು ಎರಡನೆಯ ಸಲ ಹಾಕೀತು, ಉತ್ತರವೂ ಕಳೆದುಹೋದೀತು. ಅದಕ್ಕೇ ಕರ್ನೆಲ್‌ಗೆ ‘ಬಾಕಿ ಕೆಲಸ ಮುಗಿಸು, ಗೆಸ್ಟನ್ನು ಓಡಿಸಬೇಡ, ತಕ್ಷಣ ಮರಳು’ ಎಂದು ಹೇಳುವ ಒಂದು ಪ್ರತ್ಯೇಕ ಗುರುತು ಇದೆ. ಸ್ಥಳಾಂತರಕ್ಕೆ ಮೊದಲು ಅದನ್ನು ಹಾಕಿ ಒಮ್ಮೆ ಒಳಹೊಕ್ಕು ಬರಬೇಕು. ಸಂದರ್ಶನದಲ್ಲಿ ಇದನ್ನು ತಾವಾಗಿ ಹೇಳಿದವರು ಕೇವಲ ಪುಸ್ತಕ ಓದಿಲ್ಲ ಎಂಬುದು ಎದುರಿನವರಿಗೆ ಗೊತ್ತಾಗುತ್ತದೆ.

ಇದಕ್ಕೆಲ್ಲ ಬೆಲೆ ಇದೆ. ಗೆಸ್ಟ್‌ನಿಂದ ಕರ್ನೆಲ್‌ಗೆ ಬಂದು ಮರಳುವುದಕ್ಕೇ ಪ್ರೊಸೆಸರ್‌ನ ಸಾವಿರದ ಆಸುಪಾಸು ಸೈಕಲ್‌ಗಳು ಖರ್ಚಾಗುತ್ತವೆ. ಯೂಸರ್‌ಸ್ಪೇಸ್‌ವರೆಗೆ ಹೋದರೆ ಬದಲಿಸಬೇಕಾದ ಸ್ಥಿತಿ ಹೆಚ್ಚು, ಖರ್ಚು ಹಲವು ಪಟ್ಟು. 2018ರಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ದೋಷಗಳು ಹೊರಬಿದ್ದ ಮೇಲೆ ಗಡಿ ದಾಟುವಾಗಿನ ತಪಾಸಣೆಯೂ ಹೆಚ್ಚಿತು. ಒಂದು ಸಲಕ್ಕೆ ನೋಡಿದರೆ ಇದು ಕೆಲವೇ ಮೈಕ್ರೋಸೆಕೆಂಡಿನ ಮಾತು. ಕಿಕ್ ಸಿಪಿಯುವಿನಂಥ ಅರ್ಜಿಗಳನ್ನೂ ಹೀಗೆ ಅಲೆಸಿದರೆ ಗೆಸ್ಟ್ ತೆವಳತೊಡಗುತ್ತದೆ. ಪುಟಗಳ ಬಗೆ ಬದಲಿಸುವುದು ಅಷ್ಟು ಸಲ ಬರುವ ಕೆಲಸವಲ್ಲ, ಹಾಗಾಗಿ ಅದಕ್ಕೆ ಈ ಬೆಲೆ ಭಾರವಾಗದು.

ಬೆಲೆಗೆ ಪ್ರತಿಯಾಗಿ ಸಿಗುವುದು ಸುರಕ್ಷತೆ ಮತ್ತು ಬದಲಾಯಿಸುವ ಸ್ವಾತಂತ್ರ್ಯ. ಗೆಸ್ಟ್ ಕಳಿಸುವ ಅರ್ಜಿ ಅಪರಿಚಿತನ ಕೈಬರಹ. ಅದರಲ್ಲಿ ಏನು ಬೇಕಾದರೂ ಇರಬಹುದು. ಅದನ್ನು ಬಿಡಿಸಿ ಓದುವ ಕೋಡಿನಲ್ಲಿ ಒಂದು ತಪ್ಪಿದ್ದು ಆ ಕೋಡು ಕರ್ನೆಲ್‌ನಲ್ಲಿದ್ದರೆ ಇಡೀ ಸರ್ವರ್, ಅದರಲ್ಲಿನ ಎಲ್ಲ ಗೆಸ್ಟ್‌ಗಳೂ ಕಳ್ಳನ ಕೈಗೆ ಹೋಗುತ್ತವೆ. ಯೂಸರ್‌ಸ್ಪೇಸ್‌ನಲ್ಲಿದ್ದರೆ ಕಳ್ಳ ಆ ಒಂದು ಪ್ರೋಗ್ರಾಮಿನ ಒಳಗೆ ಸಿಕ್ಕಿಕೊಳ್ಳುತ್ತಾನೆ. 2015ರ ಮೇ ತಿಂಗಳಲ್ಲಿ ವೆನಮ್ ಎಂಬ ದೋಷ ದೊಡ್ಡ ಸುದ್ದಿಯಾಗಿತ್ತು. ಯಾರೂ ಬಳಸದ ಫ್ಲಾಪಿ ಡ್ರೈವ್‌ಗಾಗಿ ಕ್ಯೂಎಮುವಿನಲ್ಲಿದ್ದ, 2004ರಿಂದ ಯಾರ ಕಣ್ಣಿಗೂ ಬೀಳದ ತಪ್ಪು ಅದು. ಗೆಸ್ಟ್‌ನಿಂದ ಹೊರಕ್ಕೆ ಜಿಗಿಯಲು ಅದು ದಾರಿ ಮಾಡಿಕೊಡುತ್ತಿತ್ತು. ಆದರೆ ಜಿಗಿದವನು ಬೀಳುವುದು ಕ್ಯೂಎಮು ಎಂಬ ಒಂದು ಪ್ರೋಗ್ರಾಮಿನೊಳಗೆ. ಎಸ್‌ಇಲಿನಕ್ಸ್‌ನಂಥ ಬೇಲಿ ಇದ್ದ ಕಡೆ ಮುಂದಕ್ಕೆ ಹೋಗುವುದು ಸುಲಭವಿರಲಿಲ್ಲ. ಫೈರ್‌ಕ್ರ್ಯಾಕರ್ ಈ ಪಾಠವನ್ನು ಕೊನೆಯವರೆಗೂ ಒಯ್ಯಿತು. ರಸ್ಟ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮ್, ಬೆರಳೆಣಿಕೆಯ ಡಿವೈಸ್‌ಗಳು, ಕರ್ನೆಲ್‌ಗೆ ಮಾಡಬಹುದಾದ ಕರೆಗಳಿಗೂ ಕಡಿವಾಣ. ಯೂಸರ್‌ಸ್ಪೇಸ್ ಎಂದಾಕ್ಷಣ ಸುರಕ್ಷಿತ ಎಂದು ನಾನು ಹೇಳಲಾರೆ. ಬೇಲಿ ಹಾಕಲು ಜಾಗ ಸಿಗುತ್ತದೆ, ಅಷ್ಟು ಹೇಳಬಲ್ಲೆ.

ಬದಲಾಯಿಸುವ ಸ್ವಾತಂತ್ರ್ಯದ ಬೆಲೆ ನನಗೆ ಗೊತ್ತಾದದ್ದು ಸರ್ವರ್‌ಗಳ ನಡುವೆ ಕೆಲಸ ಮಾಡಿದ ವರ್ಷಗಳಲ್ಲಿ. ಒಂದು ಕಂಪನಿಯ ತಂಡ ತನ್ನ ಗೆಸ್ಟ್‌ಗಳಿಗಾಗಿ ಸ್ವಂತ ಹೈಪರ್‌ಕಾಲ್ ಒಂದನ್ನು ಕರ್ನೆಲ್‌ನೊಳಗೇ ಸೇರಿಸಿಕೊಂಡಿತ್ತು. ಗೆಸ್ಟ್ ತನ್ನ ಆರೋಗ್ಯದ ವರದಿ ಕೊಡುವುದಷ್ಟೇ ಅದರ ಕೆಲಸ. ವರದಿಯಲ್ಲಿ ಒಂದು ಕಲಂ ಹೆಚ್ಚಿಸಬೇಕೆಂದರೂ ಕರ್ನೆಲ್ ಹೊಸದಾಗಿ ಕಟ್ಟಿ, ಗೆಸ್ಟ್‌ಗಳನ್ನೆಲ್ಲ ಬೇರೆಡೆ ಸಾಗಿಸಿ, ಸರ್ವರ್‌ಗಳನ್ನು ಒಂದೊಂದಾಗಿ ಮರುಚಾಲನೆ ಮಾಡಬೇಕಿತ್ತು. ಕರ್ನೆಲ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಆ ತೇಪೆಯನ್ನು ಮತ್ತೆ ಹೊಲಿಯಬೇಕಿತ್ತು. ಅದೇ ಕೆಲಸ ಯೂಸರ್‌ಸ್ಪೇಸ್‌ನಲ್ಲಿದ್ದಿದ್ದರೆ ಒಂದು ಪ್ರೋಗ್ರಾಮಿನ ಹೊಸ ಆವೃತ್ತಿಯಲ್ಲಿ ಮುಗಿಯುತ್ತಿತ್ತು. ವೇಗ ಬೇಕಿಲ್ಲದ ಕೆಲಸವನ್ನು ವೇಗದ ಜಾಗದಲ್ಲಿ ಕೂರಿಸಿದ ತಪ್ಪಿಗೆ ಆ ತಂಡ ವರ್ಷಗಟ್ಟಲೆ ದಂಡ ತೆತ್ತಿತು.

ಆರ್ಮ್ ಪ್ರೊಸೆಸರ್‌ಗಳ ಕಡೆ ಈ ವಿಂಗಡಣೆ ಇನ್ನೂ ಅಚ್ಚುಕಟ್ಟಾಗಿದೆ. ಅಲ್ಲಿ ಹೈಪರ್‌ಕಾಲ್‌ಗಳ ಸಂಖ್ಯೆ ಹಂಚಲು ಆರ್ಮ್ ಕಂಪನಿಯದೇ ಒಂದು ಒಪ್ಪಂದವಿದೆ. 2023ರಲ್ಲಿ ಬಂದ ಲಿನಕ್ಸ್ 6.4ರಲ್ಲಿ ಅದಕ್ಕೊಂದು ಜರಡಿ ಸೇರಿಸಿದರು. ಗೆಸ್ಟ್ ಓಡುವ ಮೊದಲೇ ಯೂಸರ್‌ಸ್ಪೇಸ್ ಒಂದು ಪಟ್ಟಿ ಕೊಡಬೇಕು: ಇಷ್ಟರಿಂದ ಇಷ್ಟರವರೆಗಿನ ಸಂಖ್ಯೆಗಳನ್ನು ಕರ್ನೆಲ್ಲೇ ತೀರಿಸಲಿ, ಇವನ್ನು ತಿರಸ್ಕರಿಸಲಿ, ಇವನ್ನು ನನಗೆ ಕಳಿಸಲಿ. ಗೆಸ್ಟ್ ಒಮ್ಮೆ ಓಡಿತೆಂದರೆ ಪಟ್ಟಿ ಬದಲಿಸುವಂತಿಲ್ಲ. ಪ್ರೊಸೆಸರ್‌ನ ವಾಸ್ತುರಚನೆಗೇ ಸೇರಿದ ಕೆಲವು ಕರೆಗಳನ್ನು ಮುಟ್ಟುವಂತೆಯೂ ಇಲ್ಲ. ಇದರ ಉಪಯೋಗ ನೋಡಿ. ಗೆಸ್ಟ್ ತನ್ನ ಇನ್ನೊಂದು ಸಿಪಿಯುವನ್ನು ಚಾಲೂ ಮಾಡಲು ಕೇಳುವುದೂ ಆರ್ಮ್‌ನಲ್ಲಿ ಹೀಗೊಂದು ಕರೆಯೇ. ಸಾಮಾನ್ಯವಾಗಿ ಕರ್ನೆಲ್ ಅದನ್ನು ನಡೆಸಿಕೊಡುತ್ತದೆ. ಆದರೆ ಗ್ರಾಹಕ ನಾಲ್ಕು ಸಿಪಿಯುಗಷ್ಟೇ ದುಡ್ಡು ಕಟ್ಟಿದ್ದು, ಐದನೆಯದು ಚಾಲೂ ಆಗಬೇಕೇ ಬೇಡವೇ ಎಂಬ ಪ್ರಶ್ನೆ ಬಂದರೆ ಕರ್ನೆಲ್‌ಗೆ ಏನು ಗೊತ್ತು? ಆ ಲೆಕ್ಕ ಇರುವವನ ಮೇಜಿಗೇ ಕಡತ ಹೋಗಬೇಕು.

ಯಾವುದನ್ನು ದಾಟಿಸಬೇಕು ಎಂಬುದು ಒಂದೇ ಸಲಕ್ಕೆ ಇತ್ಯರ್ಥವಾಗುವ ಸಂಗತಿಯೂ ಅಲ್ಲ. 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಝೆನ್ ಎಂಬ ಹೈಪರ್‌ವೈಸರ್ ಇದೆ. ಹೈಪರ್‌ಕಾಲ್ ಎಂಬುದು ಜನಪ್ರಿಯವಾದದ್ದೇ ಅದರಿಂದ. ಝೆನ್‌ಗಾಗಿ ತಯಾರಾದ ಗೆಸ್ಟ್‌ಗಳನ್ನು ಕೆವಿಎಂ ಮೇಲೆ ಓಡಿಸುವ ಅಗತ್ಯ ಬಂದಾಗ 2021ರಲ್ಲಿ ಮೊದಲು ಮಾಡಿದ ಕೆಲಸ, ಝೆನ್ ಹೈಪರ್‌ಕಾಲ್‌ಗಳನ್ನು ಹಿಡಿದು ಯೂಸರ್‌ಸ್ಪೇಸ್‌ಗೆ ದಾಟಿಸುವುದು. ಹಾಗೆ ಓಡಿಸಿ ನೋಡಿದ ಮೇಲೆ, ಪದೇಪದೇ ಬರುವ ಸಂದೇಶ, ಟೈಮರ್‌ಗಳಂಥ ಕೆಲವನ್ನು ಮುಂದಿನ ಆವೃತ್ತಿಗಳಲ್ಲಿ ಕರ್ನೆಲ್‌ಗೆ ತಂದರು. ಉಳಿದವು ಯೂಸರ್‌ಸ್ಪೇಸ್‌ನಲ್ಲೇ ಉಳಿದವು. ತಾಲ್ಲೂಕು ಕಚೇರಿಯ ಹೋಲಿಕೆಗೇ ಮರಳಿದರೆ, 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. ಅಲ್ಲಿಯವರೆಗೆ ಅಲ್ಲಿನವರು ತಾಲ್ಲೂಕು ಮಟ್ಟದ ಕೆಲಸಕ್ಕೆಲ್ಲ ಹೊನ್ನಾಳಿಗೆ ಹೋಗಬೇಕಿತ್ತು. ಓಡಾಟ ಹೆಚ್ಚಿರುವ ಕೆಲಸವನ್ನು ಹತ್ತಿರಕ್ಕೆ ತರುವುದು ಸರಿ, ಆದರೆ ಯಾವುದಕ್ಕೆ ಓಡಾಟ ಹೆಚ್ಚು ಎಂದು ಅಳೆದ ಮೇಲೆ.

ನನ್ನ ಅಭಿಪ್ರಾಯವೂ ಇದೇ. ಹೊಸ ಹೈಪರ್‌ಕಾಲ್ ಬೇಕೆನಿಸಿದರೆ ಮೊದಲು ಯೂಸರ್‌ಸ್ಪೇಸ್‌ನಲ್ಲೇ ಇಡಿ. ಅಳತೆ ಮಾಡಿ, ಅದು ನಿಜಕ್ಕೂ ನಿಧಾನ ತರುತ್ತಿದೆ ಎಂದು ಸಾಬೀತಾದರೆ ಕರ್ನೆಲ್‌ಗೆ ತನ್ನಿ. ಕರ್ನೆಲ್‌ಗೆ ಒಮ್ಮೆ ಹೋದದ್ದನ್ನು ಹಿಂದಕ್ಕೆ ತೆಗೆಯುವುದು ಬಲು ಕಷ್ಟ, ಏಕೆಂದರೆ ಅದನ್ನು ನಂಬಿದ ಗೆಸ್ಟ್ ಎಲ್ಲಿ ಓಡುತ್ತಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಎಲ್ಲಿ ತೀರಿಸಿದರೂ ಗೆಸ್ಟನ್ನು ನಂಬದಿರುವ ನಿಯಮ ಒಂದೇ. ಅರ್ಜಿಯ ವಿವರ ಗೆಸ್ಟ್‌ನ ಮೆಮೊರಿಯಲ್ಲಿದ್ದರೆ ಒಂದೇ ಸಲ ನಕಲು ಮಾಡಿಕೊಂಡು, ಆ ನಕಲನ್ನೇ ಪರೀಕ್ಷಿಸಿ, ಆ ನಕಲನ್ನೇ ಬಳಸಬೇಕು. ಪರೀಕ್ಷೆಗೊಮ್ಮೆ, ಬಳಕೆಗೊಮ್ಮೆ ಎಂದು ಎರಡು ಸಲ ಓದಿದರೆ ನಡುವೆ ಗೆಸ್ಟ್‌ನ ಇನ್ನೊಂದು ಸಿಪಿಯು ಅದನ್ನು ತಿದ್ದಿರಬಹುದು. ಹೀಗೆ ಹುಟ್ಟಿದ ದೋಷಗಳು ಕರ್ನೆಲ್‌ನಲ್ಲೂ ಸಿಕ್ಕಿವೆ, ಯೂಸರ್‌ಸ್ಪೇಸ್‌ನಲ್ಲೂ ಸಿಕ್ಕಿವೆ.

ಪತ್ರ ಬರೆದ ವಿದ್ಯಾರ್ಥಿಗಳಿಗೆ ಒಂದು ಮಾತು. ಇದನ್ನು ಕಲಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. ವರ್ಚುವಲೈಸೇಶನ್ ಸೌಲಭ್ಯವಿರುವ ಯಾವ ಹಳೆಯ ಲ್ಯಾಪ್‌ಟಾಪ್ ಮೇಲೂ ಲಿನಕ್ಸ್ ಹಾಕಿದರೆ ಕೆವಿಎಂ ಸಿದ್ಧವಿರುತ್ತದೆ. ಸಿ ಭಾಷೆಯಲ್ಲಿ ಕೆಲವೇ ನೂರು ಸಾಲುಗಳಲ್ಲಿ ಪುಟ್ಟ ಗೆಸ್ಟ್ ಓಡಿಸುವ ಪ್ರೋಗ್ರಾಮ್ ಬರೆಯಬಹುದು. ಎಕ್ಸ್86 ಲ್ಯಾಪ್‌ಟಾಪ್ ಆಗಿದ್ದರೆ ಒಂದು ಎಚ್ಚರಿಕೆ: ನಿಮ್ಮಿಷ್ಟದ ಸಂಖ್ಯೆ ಹಾಕಿ ವಿಎಂಕಾಲ್ ಮಾಡಿದರೆ ಕೆವಿಎಂ ಅದನ್ನು ನಿಮಗೆ ದಾಟಿಸುವುದಿಲ್ಲ, ಗೆಸ್ಟ್‌ಗೆ ನೇರವಾಗಿ ಮೈನಸ್ 1000 ಕೊಟ್ಟು ಕಳಿಸುತ್ತದೆ. ಒಂದು ಪೋರ್ಟಿಗೆ ಬರೆಯುವುದರಿಂದ ಶುರು ಮಾಡಿ. ಅದು ನಿಮ್ಮ ಪ್ರೋಗ್ರಾಮಿಗೆ ಬಂದೇ ಬರುತ್ತದೆ. ಹೋಗಿಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯಿರಿ. ಆಮೇಲೆ ಗೊತ್ತಿಲ್ಲದ ಸಂಖ್ಯೆಯ ವಿಎಂಕಾಲ್ ಒಂದನ್ನು ಅಳೆದು ಪಕ್ಕಕ್ಕಿಡಿ. ಎರಡರ ನಡುವಿನ ಅಂತರವೇ ಕರ್ನೆಲ್‌ನಲ್ಲಿ ತೀರುವ ಕೆಲಸಕ್ಕೂ ಯೂಸರ್‌ಸ್ಪೇಸ್‌ವರೆಗೆ ಹೋಗುವ ಕೆಲಸಕ್ಕೂ ಇರುವ ಬೆಲೆಯ ವ್ಯತ್ಯಾಸ. ಕರ್ನೆಲ್ ಜೊತೆಗೇ ಬರುವ ಹೈಪರ್‌ಕಾಲ್ ಕೈಪಿಡಿಯೂ ಚಿಕ್ಕದು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಜಗಳೂರಿನ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟು. ವ್ಯವಹಾರ ತಲೆಕೆಳಗಾಗಿಲ್ಲ. ಬೀಗ ಬಿಟ್ಟವನು ಮಲಗಿದವನನ್ನು ಎಬ್ಬಿಸು ಎಂದರೆ ಕರ್ನೆಲ್ ಎಬ್ಬಿಸಲಿ. ಯಾರಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು, ಯಾವ ಪುಟ ಗುಟ್ಟು, ಯಾವುದು ಬಯಲು ಎಂದು ಕೇಳಿದರೆ ಆ ಲೆಕ್ಕ ಇಟ್ಟವನು ಹೇಳಲಿ, ಕರ್ನೆಲ್ ಅದನ್ನು ಪರೀಕ್ಷಿಸಿ ಜಾರಿಗೆ ತರಲಿ. ಹೈಪರ್‌ಕಾಲ್ ವಿನ್ಯಾಸ ಮಾಡುವವರು ‘ಇದನ್ನು ಕರ್ನೆಲ್ ಮಾಡಬಲ್ಲದೇ?’ ಎಂದು ಕೇಳಬಾರದು, ಏಕೆಂದರೆ ಕರ್ನೆಲ್ ಎಲ್ಲವನ್ನೂ ಮಾಡಬಲ್ಲದು. ‘ಇದನ್ನು ತೀರ್ಮಾನಿಸಲು ಬೇಕಾದ ಮಾಹಿತಿ ಯಾರ ಬಳಿ ಇದೆ?’ ಎಂದು ಕೇಳಬೇಕು.